ಸಿದ್ದಣ್ಣನ ಬಂಡೆಯ ಹೆಚ್ಚಿನ ಏಟು

ನಮ್ಮ ಮನೆಯ ಟೀವಿಗೆ ಈಚೆಗೆ ಒಂದು ಕಾಯಿಲೆ ಬಂದಿದೆ. ಪರದೆಯ ಮೇಲಿನವರ ತುಟಿ ಮೊದಲು ಅಲ್ಲಾಡುತ್ತದೆ, ಮಾತು ಆಮೇಲೆ ಬರುತ್ತದೆ. ಸೀರಿಯಲ್ಲಿನ ಅತ್ತೆ ಸೊಸೆಯ ಕೆನ್ನೆಗೆ ಹೊಡೆಯುತ್ತಾಳೆ; ಸೊಸೆ ಕೆನ್ನೆ ಹಿಡಿದುಕೊಂಡು ಅಳಲು ಶುರುಮಾಡಿ, ಮೂಗನ್ನೂ ಒರೆಸಿಕೊಂಡ ಮೇಲೆ ಛಟೀರ್ ಎಂಬ ಸದ್ದು ಕೇಳುತ್ತದೆ. ಮನೆಯವರೆಲ್ಲ ರೇಗುತ್ತಾರೆ. ರಿಪೇರಿಯವನಿಗೆ ಫೋನ್ ಮಾಡುತ್ತೇನೆಂದು ಮಗ ಎದ್ದರೆ, ಇನ್ನೆರಡು ದಿನ ಹಾಗೇ ಇರಲಿ ಬಿಡೋ ಎಂದು ನಾನೇ ತಡೆದೆ. ಅಮ್ಮನಿಗೆ ಅರಳುಮರಳು ಎಂದು ಅವನು ಹೆಂಡತಿಯ ಕಡೆ ನೋಡಿದ. ನೋಡಲಿ. ಕಣ್ಣಿಗೂ ಕಿವಿಗೂ ಜಗಳ ಬಿದ್ದಾಗ ನನಗಾಗುವ ಖುಷಿ ಅವರಿಗೇನು ಗೊತ್ತು! ನಿಮಗೆ ಹೇಳುತ್ತೇನೆ, ಕೇಳಿ.

ನಮ್ಮೂರು ಯಳಂದೂರಿನ ಹತ್ತಿರದ ಮಾಂಬಳ್ಳಿ. ಅರವತ್ತರ ದಶಕದ ನಡುವಿನ ಮಾತು ಇದು. ನಾನು ಎರಡು ಜಡೆ ಹಾಕಿಕೊಂಡು, ದಿನಾ ಬಸ್ಸು ಹಿಡಿದು ಯಳಂದೂರಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಎಂಟನೇ ಕ್ಲಾಸಿನಲ್ಲಿ ನಮಗೆ ಸೈನ್ಸ್ ಹೇಳಿಕೊಡುತ್ತಿದ್ದ ಮೇಷ್ಟ್ರು ಪಾಲಾರ್ ಕಡೆಯವರು. ಪಾಠ ಮಾಡುವಾಗ ಹುರುಪು ಹೆಚ್ಚಾದರೆ ಅವರ ಕನ್ನಡದೊಳಗೆ ತಮಿಳು ನುಗ್ಗಿಬಿಡುತ್ತಿತ್ತು; ನೋಡು ಎನ್ನುವ ಬದಲು ಪಾರು ಎಂದುಬಿಡುತ್ತಿದ್ದರು. ಅಲೆಯ ಪಾಠದ ದಿನ ಅವರು ಶಾಲೆಯ ಬಾವಿಯ ಹಗ್ಗವನ್ನೇ ಬಿಚ್ಚಿಕೊಂಡು ಬಂದರು. ಒಂದು ತುದಿಯನ್ನು ಕಿಟಕಿಗೆ ಕಟ್ಟಿ, ಇನ್ನೊಂದನ್ನು ನನ್ನ ಕೈಗೆ ಕೊಟ್ಟು "ಝಾಡಿಸು" ಎಂದರು. ಝಾಡಿಸಿದೆ. ಹಗ್ಗದಲ್ಲೊಂದು ಗೂನು ಎದ್ದು, ಕಿಟಕಿಯವರೆಗೂ ಓಡಿ ಹೋಯಿತು.

"ಪಾರು, ಪಾರು! ಹಗ್ಗ ಅಲ್ಲೇ ಇದೆ, ಅಲೆ ಮಾತ್ರ ಹೋಯ್ತು!" ಎಂದು ಮೇಷ್ಟ್ರು ಕುಣಿದಾಡಿದರು. ಅಷ್ಟರಲ್ಲಿ ಶಾಲೆಯ ಜವಾನ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಹಗ್ಗ ಅಲ್ಲೇ ಇಲ್ಲ ಸಾ, ಬಾವಿ ಬಿಟ್ಟು ಇಲ್ಲಿ ಅದೆ!" ಎಂದ. ಕ್ಲಾಸಿಗೆ ಕ್ಲಾಸೇ ನಗು.

ಇನ್ನೊಂದು ದಿನ ಟ್ಯೂನಿಂಗ್ ಫೋರ್ಕ್ ಎಂಬ ಎರಡು ಕೊಂಬಿನ ಉಕ್ಕಿನ ಕಡ್ಡಿ ತಂದರು. ಇಡೀ ಶಾಲೆಗೆ ಅದೊಂದೇ. ಹೆಡ್ ಮಾಸ್ಟರ ಬೀರುವಿನಲ್ಲಿ ಮಖಮಲ್ಲಿನ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಅದನ್ನು ಚಪ್ಪಲಿಯ ಹಿಮ್ಮಡಿಗೆ ಬಡಿದು ಲೋಟದ ನೀರಿಗೆ ತಾಗಿಸಿದರೆ ನೀರು ಮೇಷ್ಟ್ರ ಕನ್ನಡಕಕ್ಕೇ ಎರಚಿತು. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಬಡಿದ ಕಡ್ಡಿಯ ಬುಡವನ್ನು ಮುಂದಿನ ಹಲ್ಲಿಗೆ ಮುಟ್ಟಿಸಿದರು. ನನ್ನ ಸರದಿ ಬಂದಾಗ, ಅಬ್ಬಾ, ತಲೆಬುರುಡೆಯೆಲ್ಲ ಹಾಡಿತು! ಎಂಜಲು ಅಂತ ಕೆಲವರು ಮುಖ ಸಿಂಡರಿಸಿ ಹಿಂದೆ ಸರಿದರು. ನಾನು ಎರಡನೇ ಸಲ ಸಾಲಿನಲ್ಲಿ ನಿಂತು ಬೈಸಿಕೊಂಡೆ.

ಆಗ ಹತ್ತಿದ ಹುಚ್ಚು ಬಿಡಲಿಲ್ಲ. ಕೊಳ್ಳೇಗಾಲದಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದರು. ಅಲ್ಲಿಂದ ಒಂದು ಸಿಂಬಿ ನೂಲು ಕಾಡಿಬೇಡಿ ತಂದು, ಎರಡು ಬೆಂಕಿಪೊಟ್ಟಣಗಳಿಗೆ ಪೋಣಿಸಿ, ಅಡುಗೆಮನೆಯಿಂದ ಜಗಲಿಯವರೆಗೆ ಬಿಗಿಯಾಗಿ ಎಳೆದೆ. ರೇಷ್ಮೆಯ ಟೆಲಿಫೋನು! ಹೀಗೆ ಯಾವ ಮಹಾರಾಜರ ಮನೆಯಲ್ಲೂ ಇರಲಿಲ್ಲವೆಂದು ನನ್ನ ಜಂಬ. ಅವ್ವ ಮೊದಲು ಬೈದಳು, ಆಮೇಲೆ ಅದರ ಉಪಯೋಗ ಕಂಡುಕೊಂಡಳು. ಅಪ್ಪ ಜಗಲಿಯಲ್ಲಿ ಜನ ಕೂಡಿಸಿಕೊಂಡು ಕುಳಿತರೆ ಊಟಕ್ಕೆ ಎಷ್ಟು ಕೂಗಿದರೂ ಕೇಳಿಸದವನಂತೆ ಇರುತ್ತಿದ್ದ. ಈಗ ಅವ್ವ ಪೊಟ್ಟಣ ಬಾಯಿಗಿಟ್ಟು "ಮುದ್ದೆ ಆರೋಯ್ತದೆ, ಎದ್ದು ಬತ್ತೀರಾ ಇಲ್ಲ ದನಕ್ಕೆ ಆಕ್ಲಾ?" ಎಂದು ಮೆತ್ತಗೆ ಕೇಳುವಳು. ನಾನು ಕಿವಿಗೆ ಹಿಡಿದ ಪೊಟ್ಟಣದೊಳಗಿಂದ ಹೆಂಡತಿಯ ದನಿ ಬಂದರೆ ಯಾರು ತಾನೇ ಕೇಳಿಸಲಿಲ್ಲ ಅನ್ನಲು ಸಾಧ್ಯ? ಅಪ್ಪ ಎದ್ದು ಬರುತ್ತಿದ್ದ.

ಅಪ್ಪನ ವಿಷಯ ಹೇಳಬೇಕು. ಹೆಸರು ನಂಜಪ್ಪ. ಕೆರೆಯ ಆಚೆ ತುದಿಯಲ್ಲಿ ಹೊಲ, ಗದ್ದೆ. ಊರಿನ ವ್ಯಾಜ್ಯಗಳೆಲ್ಲ ನಮ್ಮ ಜಗಲಿಗೇ ಬರುತ್ತಿದ್ದವು. ದನ ಬೆಳೆಗೆ ನುಗ್ಗಿತು, ಬದು ಒತ್ತರಿಸಿದರು, ಯಾರೋ ಯಾರಿಗೋ ಏನೋ ಅಂದರು, ಹೀಗೆ. ಎಂಥ ವ್ಯಾಜ್ಯವಾದರೂ ಅಪ್ಪನ ಮೊದಲ ಪ್ರಶ್ನೆ ಒಂದೇ: "ಕಣ್ಣಾರೆ ಕಂಡೋರ್ಯಾರು? ಕಿವಿಯಾರೆ ಕೇಳ್ದೋರ್ಯಾರು?" ಎರಡೂ ಹೊಂದಿದರೆ ತೀರ್ಮಾನ, ಹೊಂದದಿದ್ದರೆ ಎದ್ದು ಹೋಗಿ ಅನ್ನುವನು. ಅವನ ತೀರ್ಮಾನವನ್ನು ಯಾರೂ ಅಲ್ಲಗಳೆದದ್ದಿಲ್ಲ. ಆ ಹೆಮ್ಮೆ ಅವನ ಮೀಸೆಯಲ್ಲೇ ಕಾಣುತ್ತಿತ್ತು.

ಇಂಥವನ ಮುಂದೆ ನಾನೊಂದು ಫಾರಂ ಹಿಡಿದು ನಿಂತೆ. ಒಂಬತ್ತನೇ ಕ್ಲಾಸಿಗೆ ಯಾವ ಐಚ್ಛಿಕ ವಿಷಯ ತೆಗೆದುಕೊಳ್ಳುತ್ತೀರಿ ಎಂದು ಬರೆದು, ತಂದೆಯ ರುಜು ಹಾಕಿಸಿ, ಸೋಮವಾರ ಕೊಡಬೇಕು. ಶುಕ್ರವಾರ ಸಂಜೆ ಅಪ್ಪ ಊಟಕ್ಕೆ ಕುಳಿತಿದ್ದಾಗ ವಿಷಯ ತೆಗೆದೆ.

"ಅದೇನೋ ಗೃಹವಿಜ್ಞಾನ ಅಂತದಲ್ಲ, ಅದ್ನೇ ತಕ. ಎಣ್ಮಕ್ಳೆಲ್ಲ ಅದ್ನೇ ತಕತಾರಂತೆ" ಎಂದ ಅಪ್ಪ.

ಒಲೆಯ ಮುಂದಿನಿಂದ ಅವ್ವ ಹೇಳಿದಳು: "ಉಪ್ಸಾರು ಕಾಯ್ಸೋದ ಕಲಿಯಕ್ಕೆ ಯಳಂದೂರ್ಗಂಟ ಬಸ್ಸಲ್ಲಿ ಓಗ್ಬೇಕಾ? ನಾನೇನ್ ಸತ್ತೋಗಿದ್ದನಾ?"

"ನಂಗೆ ಸೈನ್ಸೇ ಬೇಕಪ್ಪ."

"ಅದ್ರಲ್ಲೇನದೆ?"

ಇದಕ್ಕಾಗಿಯೇ ಕಾಯುತ್ತಿದ್ದ ನಾನು ಒಂದೇ ಉಸಿರಿಗೆ ಒದರಿದೆ. ಸದ್ದು ಗಾಳಿಯಲ್ಲಿ ಅಲೆ ಅಲೆಯಾಗಿ ಬರುತ್ತದೆ, ಬೆಳಕು ಅದಕ್ಕಿಂತ ಎಷ್ಟೋ ಬೇಗ ಬರುತ್ತದೆ, ದೂರದಲ್ಲಿ ಯಾರಾದರೂ ಮರ ಕಡಿದರೆ ಕೊಡಲಿ ಬಿದ್ದದ್ದು ಕಣ್ಣಿಗೆ ಮೊದಲು ಕಾಣುತ್ತದೆ, ಕಿವಿಗೆ ಆಮೇಲೆ ಕೇಳುತ್ತದೆ! ಅಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಬಾಯಿಗೆ ಹೋಗದೆ ನಿಂತಿತು.

"ಯಾರು ಏಳುದ್ದು?"

"ಮೇಷ್ಟ್ರು."

"ಮೇಷ್ಟ್ರು ಕಂಡವ್ರಾ?"

"ಪುಸ್ತಕದಲ್ಲದೆ ಅಪ್ಪ."

"ಪುಸ್ತಕ ಕಂಡದಾ?"

ನನಗೆ ರೇಗಿಹೋಯಿತು. "ಮಿಂಚು ಮೊದ್ಲು ಕಾಣಲ್ವಾ? ಗುಡುಗು ಆಮೇಲೆ ಕೇಳಲ್ವಾ?" ಎಂದೆ. ಗೆದ್ದೆನೆಂದೇ ತಿಳಿದಿದ್ದೆ.

ಅಪ್ಪ ತುತ್ತು ನುಂಗಿ, ನೀರು ಕುಡಿದು, ಜಗಲಿಯ ದನಿಯಲ್ಲಿ ಹೇಳಿದ: "ಮಿಂಚೇ ಬ್ಯಾರೆ, ಗುಡುಗೇ ಬ್ಯಾರೆ ಕಣವ್ವ. ಅಣ್ಣ ಮುಂಚೆ ಉಟ್ತಾನೆ, ತಮ್ಮ ಆಮ್ಯಾಕೆ ಉಟ್ತಾನೆ. ಅದ್ರಲ್ಲೇನು ಇಚಿತ್ರ? ಒಂದೇ ಏಟು ಕಣ್ಗೊಂದ್ಸಲ ಕಿವಿಗೊಂದ್ಸಲ ಅಂತೀಯಲ್ಲ, ಅದ ತೋರ್ಸು. ಕಣ್ಣೊಂದು ಏಳಿ ಕಿವಿಯೊಂದು ಏಳಿದ್ರೆ ನಾನು ಇಷ್ಟೊರ್ಸ ನಂಬ್ದ ಸಾಕ್ಷಿಗಳೆಲ್ಲ ಏನಾಬೇಕು? ತೋರ್ಸಿದ್ರೆ ನೀನೇಳ್ದಂಗೆ ಸೈನ್ಸ್ಗೇ ರುಜು ಆಕ್ತೀನಿ. ಇಲ್ದಿದ್ರೆ ಗೃಹವಿಜ್ಞಾನ."

ಅಪ್ಪ ಮಾತು ಕೊಟ್ಟರೆ ತಪ್ಪುವವನಲ್ಲ. ಆದರೆ ಎರಡು ದಿನದಲ್ಲಿ ಎಲ್ಲಿಂದ ತೋರಿಸಲಿ? ಆ ರಾತ್ರಿಯೆಲ್ಲ ಕನಸಿನಲ್ಲಿ ನಾನು ಉಪ್ಸಾರಿನ ಮೇಲೆ ಪರೀಕ್ಷೆ ಬರೆಯುತ್ತಿದ್ದೆ.

ಶನಿವಾರ ಬೆಳಗಿನ ಕ್ಲಾಸಿಗೆ ಹೊರಟೆ. ಬಸ್ಸು ಹಿಡಿಯಲು ಕೆರೆಯ ಏರಿಯ ಮೇಲಿನ ರಸ್ತೆಯಲ್ಲೇ ಹೋಗಬೇಕು. ಆ ರಸ್ತೆಗೆ ಫರ್ಲಾಂಗಿಗೊಂದು, ಎಂದರೆ ಈಗಿನ ಇನ್ನೂರು ಮೀಟರಿಗೊಂದು, ಕಲ್ಲು ನೆಟ್ಟಿದ್ದರು. ಊರ ಕಡೆಯ ಕಲ್ಲಿನ ಬುಡದಲ್ಲೇ, ನೀರಿನ ಅಂಚಿನಲ್ಲಿ ಒಗೆಯುವ ಬಂಡೆ. ಅಲ್ಲಿ ನಮ್ಮೂರ ಮಡಿವಾಳ ಸಿದ್ದಣ್ಣ ಬೆಳಗಿನಿಂದಲೇ ಕೆಲಸಕ್ಕಿಳಿದಿರುತ್ತಿದ್ದ. ಆಳು ಆರಡಿ, ಒದ್ದೆ ಪಂಚೆಯನ್ನು ತಲೆಯ ಮೇಲಕ್ಕೆ ಎತ್ತಿ, ತಿರುವಿ, ಬಂಡೆಗೆ ಬಡಿದನೆಂದರೆ ಧಪ್ ಎಂದು ಕೆರೆಯೆಲ್ಲ ಕೇಳುತ್ತಿತ್ತು. ಅವನ ಏಟಿನ ಲಯವೋ, ಗಡಿಯಾರ ಸೋಲಬೇಕು. ಒಂದು ಏಟಿಗೂ ಮುಂದಿನದಕ್ಕೂ ಒಂದಿಷ್ಟೂ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಅವರಪ್ಪನೂ ಹೀಗೇ ಒಗೆಯುತ್ತಿದ್ದನಂತೆ. ನಾನು ದಿನಾ ಅಲ್ಲಿ ಹಾದುಹೋಗುತ್ತಿದ್ದರೂ ಬಸ್ಸಿನ ಗಡಿಬಿಡಿಯಲ್ಲಿ ಒಂದು ದಿನವೂ ತಿರುಗಿ ನೋಡಿದವಳಲ್ಲ.

ಅವತ್ತು ಒಂದು ಫರ್ಲಾಂಗು ನಡೆದಿದ್ದೆ, ಕಾಲಿಗೆ ಜಾಲಿಮುಳ್ಳು ನೆಟ್ಟಿತು. ಅಲ್ಲಿನ ಎರಡನೇ ಕಲ್ಲಿನ ಮೇಲೆ ಕುಳಿತು ಮುಳ್ಳು ಕಿತ್ತು, ಹಿಂದಕ್ಕೆ ನೋಡಿದರೆ ಸಿದ್ದಣ್ಣನ ಪಂಚೆ ತಲೆಯ ಮೇಲೆ ಹಾರುತ್ತಿದೆ. ಧಪ್! ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಮತ್ತೆ ನೋಡಿದೆ. ಪಂಚೆ ಬಂಡೆಗೆ ಬಿತ್ತು, ಸದ್ದಿಲ್ಲ. ಪಂಚೆ ಮೇಲೆದ್ದಿತು, ತುತ್ತತುದಿ ಮುಟ್ಟಿತು, ಧಪ್! ಅಯ್ಯೋ ನಮ್ಮಪ್ಪನೇ, ಪಂಚೆ ಗಾಳಿಯನ್ನು ಬಡಿಯುತ್ತಿದೆ! ನಾನು ಪುಸ್ತಕದ ಚೀಲ ಎಸೆದು ಕುಣಿದೆ. ಬಂಡೆಯಿಂದ ಸದ್ದು ಹೊರಟು ನನ್ನ ಕಿವಿಗೆ ಬರುವಷ್ಟರಲ್ಲಿ ಸಿದ್ದಣ್ಣನ ಕೈ ಅರ್ಧ ಸುತ್ತು ಮುಗಿಸಿರುತ್ತಿತ್ತು. ಬಸ್ಸು ಹೋದದ್ದೂ ಗೊತ್ತಾಗಲಿಲ್ಲ.

ಓಡಿಹೋಗಿ ಅಪ್ಪನನ್ನು ಆಗಲೇ ಎಳೆದು ತಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಅಪ್ಪ ಹನೂರಿಗೆ ಹೋಗಿದ್ದ. ಭಾನುವಾರ ಬೆಳಿಗ್ಗೆ ಕೈಗೆ ಸಿಕ್ಕಿದ.

"ಸಿದ್ದನ್ ಬಂಡೇಲಾ?" ಅಪ್ಪ ನಕ್ಕ. "ನಾನು ಮೂವತ್ತೊರ್ಸದಿಂದ ನಮ್ಮೊಲದ ತಾವ ಕೂತ್ಕಂಡು ಅವುನ್ನೂ ಅವ್ರಪ್ಪನ್ನೂ ನೋಡಿವ್ನಿ. ಬಟ್ಟೆ ಬಿದ್ದೇಟ್ಗೇ ಸದ್ದು ಬತ್ತದೆ. ಬೇಕಾರೆ ಅಲ್ಲೇ ನಿಂತ್ಕಂಡು ನೋಡವ ಬಾ."

ನಮ್ಮ ಹೊಲವಿದ್ದದ್ದು ಬಂಡೆಯಿಂದ ಎರಡು ಫರ್ಲಾಂಗು ಆಚೆ, ಮೂರನೇ ಕಲ್ಲಿನ ಎದುರಿಗೆ. ನನ್ನ ಜಾಣತನ ನೋಡಿ: ಒಂದು ಫರ್ಲಾಂಗಿಗೇ ಸದ್ದು ಅಷ್ಟು ತಡವಾದರೆ, ಎರಡು ಫರ್ಲಾಂಗಿಗೆ ಅದರ ಎರಡರಷ್ಟು! ಇನ್ನೂ ಚೆನ್ನಾಗಿ ಕಾಣುತ್ತದೆ, ಅಪ್ಪ ಬಾಯಿ ಮೇಲೆ ಬೆರಳಿಡುತ್ತಾನೆ. ದುರಾಸೆ ಅನ್ನಿ, ದಡ್ಡತನ ಅನ್ನಿ, "ಅಲ್ಲೇ ನೋಡನ ಬಾ" ಎಂದುಬಿಟ್ಟೆ. ಫಾರಂ ಮಡಿಸಿ ಲಂಗದ ನಡುವಿಗೆ ಸಿಕ್ಕಿಸಿಕೊಂಡೆ. ಗದ್ದೆಯ ಬದುವಿನ ಹತ್ತಿರದ ದಾರಿಯಲ್ಲಿ ಹೋಗಿ ಮೂರನೇ ಕಲ್ಲಿನ ಬಳಿ ಏರಿ ಹತ್ತಿದೆವು.

ಬಿಳಿಗಿರಿ ಬೆಟ್ಟದ ಮೇಲೆ ಬಿಸಿಲು ಬಂದಿತ್ತು. ಗಾಳಿಯಿರಲಿಲ್ಲ. ನೀರಿನಾಚೆ ಸಿದ್ದಣ್ಣ ಬೆರಳಷ್ಟು ಕಾಣುತ್ತಿದ್ದರೂ ಬಿಳಿಯ ಪಂಚೆ ಚೆನ್ನಾಗಿ ಕಾಣುತ್ತಿತ್ತು. ಪಂಚೆ ಎದ್ದಿತು. ಬಿತ್ತು.

ಧಪ್.

ಬಿದ್ದ ಕೂಡಲೇ ಧಪ್! ನನ್ನ ಎದೆಯೂ ಧಪ್ ಎಂದಿತು. ಇನ್ನೊಂದು ಸಲ ನೋಡಿದೆ. ಬಿತ್ತು, ಧಪ್. ಬಿತ್ತು, ಧಪ್. ಕಣ್ಣು ಉಜ್ಜಿಕೊಂಡೆ, ಕಿವಿಗೆ ಬೆರಳು ಹಾಕಿ ತಿರುವಿದೆ, ಒಂಟಿಕಾಲಲ್ಲಿ ನಿಂತೂ ನೋಡಿದೆ. ಏಟೂ ಸದ್ದೂ ಗಂಡಹೆಂಡಿರ ಹಾಗೆ ಜೊತೆಜೊತೆಯಾಗಿ ಬರುತ್ತಿದ್ದವು. ನಿನ್ನೆ ಕಂಡದ್ದೇನು ಹಾಗಾದರೆ? ಮೇಷ್ಟ್ರು ಸುಳ್ಳೇ, ಪುಸ್ತಕ ಸುಳ್ಳೇ, ನನ್ನ ಕಣ್ಣೇ ಸುಳ್ಳೇ?

"ನಿನ್ನೆ ಕಂಡಿತ್ತು ಅಪ್ಪ! ಆಣೆಗೂ ಕಂಡಿತ್ತು!" ಎಂದೆ. ಅಳು ಬಂದುಬಿಟ್ಟಿತು.

ಅಪ್ಪ ಗೆದ್ದು ಬೀಗಲಿಲ್ಲ, ಅದೇ ನನಗೆ ಇನ್ನೂ ಸಂಕಟ. ಟವಲಿನ ತುದಿಯಿಂದ ನನ್ನ ಮೂಗು ಒರೆಸಿ, "ಅಳ್ಬ್ಯಾಡ ಕಣವ್ವ. ಮೇಷ್ಟ್ರು ತಪ್ಪೇಳ್ಕೊಟ್ರೆ ನೀನೇನ್ ಮಾಡಿಯೆ? ಕೊಡು ಅದ" ಎಂದು ಫಾರಂ ಈಸಿಕೊಂಡ. ಫರ್ಲಾಂಗು ಕಲ್ಲಿನ ಮೇಲೆ ಹರಡಿ, ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿದ. ಅಪ್ಪ ಬರೆಯುವುದು ನಿಧಾನ. ಗ ಎಂಬ ಅಕ್ಷರದ ಒಂದು ಚೂರು ಗೀಚಿ, ಮುಂದೆ ಎತ್ತ ತಿರುಗಿಸಬೇಕೆಂದು ಒಂದು ಗಳಿಗೆ ತಲೆಯೆತ್ತಿ ಕೆರೆಯ ಕಡೆ ನೋಡಿದ.

ಸರಿಯಾಗಿ ಆಗ ಸಿದ್ದಣ್ಣನಿಗೆ ಬೀಡಿಯ ನೆನಪಾಗಿರಬೇಕು. ಒಂದು ಏಟು ಹಾಕಿ, ಪಂಚೆಯನ್ನು ಬಂಡೆಯ ಮೇಲೇ ಬಿಟ್ಟು, ಸೊಂಟ ನೀವಿಕೊಂಡು ನೆಟ್ಟಗೆ ನಿಂತ. ಎರಡು ಕೈಯೂ ಖಾಲಿ.

ಧಪ್.

ಅಪ್ಪನ ಪೆನ್ನು ಅಲ್ಲೇ ನಿಂತಿತು. ಬಂಡೆಯ ಹತ್ತಿರ ಬೇರೆ ಯಾರೂ ಇರಲಿಲ್ಲ. ಪಂಚೆ ಮಿಸುಕಿರಲಿಲ್ಲ.

"ಇದ ಬಡ್ದೋರ್ಯಾರು?" ಎಂದ ಅಪ್ಪ.

 ಅಪ್ಪ ಪೆನ್ನು ನನ್ನ ಕೈಗೆ ತುರುಕಿ, ಏರಿಯ ಅಂಚಿಗೆ ಹೋಗಿ ಕೂಗಿದ: "ಲೇ ಸಿದ್ದಾ! ಬಡೀಲಾ! ಬಡ್ಕಂಡಿರು! ನಾನು ಟವಲ್ ಬೀಸ್ದೇಟ್ಗೇ ನಿಲ್ಸು!" ನೀರಿನ ಮೇಲೆ ಅಪ್ಪನ ದನಿ ಹೋಯಿತು. ಬೀಡಿಗೆ ಕಡ್ಡಿ ಗೀರುತ್ತಿದ್ದ ಸಿದ್ದಣ್ಣ ಬೆಚ್ಚಿ, ಬೀಡಿಯನ್ನು ಕಿವಿಗೆ ಸಿಕ್ಕಿಸಿ, ಪಂಚೆ ಎತ್ತಿದ. ಮೊದಲ ಏಟನ್ನು ನಾವು ಗಮನಿಸಲಿಲ್ಲ; ಆಮೇಲೆ ಏಟಿಗೊಂದು ಧಪ್, ಎಲ್ಲ ಸರಿಯಾಗಿ ಹೊಂದಿಕೊಂಡು ಬಂದವು. ಅಪ್ಪ ಟವಲು ಬೀಸಿದ. ಸಿದ್ದಣ್ಣ ನಿಲ್ಲಿಸಿ, ಎರಡೂ ಕೈಯನ್ನು ಮೇಲೆತ್ತಿ ತೋರಿಸಿದ.

ಧಪ್.

"ಒಂದೇಟು ಎಚ್ಚಾಯ್ತಲ್ಲ!" ಎಂದು ಅಪ್ಪ ಹಣೆ ಬಡಿದುಕೊಂಡ. ಅವನ ಮುಖದಲ್ಲಿ ನಾನು ಹಿಂದೆಂದೂ ನೋಡದ ಒಂದು ಕಳೆ. ಕಟ್ಟಿದ ಕಳ್ಳೇಪುರಿ ಪೊಟ್ಟಣ ಬಿಚ್ಚುವ ಮಕ್ಕಳ ಮುಖ ಹಾಗಿರುತ್ತದೆ. ಮತ್ತೆ ಕೂಗಿದ: "ಸಿದ್ದಾ! ಈಗ ಒಂದೇ ಒಂದೇಟು ಆಕ್ಲಾ! ಒಂದೇ!"

ಪಂಚೆ ಎದ್ದಿತು. ಬಿತ್ತು. ಏನೂ ಇಲ್ಲ. ಕೆರೆ ನಿಶ್ಶಬ್ದ. "ಒಂದು..." ಎಂದು ಅಪ್ಪ ಇನ್ನೂ ಬಾಯಲ್ಲಿ ಹೇಳುತ್ತಿದ್ದ.

ಧಪ್.

ಆಗ ಹೊಳೆಯಿತು ನನಗೆ! ಎರಡು ಫರ್ಲಾಂಗು ಬರುವಷ್ಟರಲ್ಲಿ ಸದ್ದು ಸರಿಯಾಗಿ ಒಂದು ಇಡೀ ಏಟಿನಷ್ಟು ತಡವಾಗುತ್ತಿತ್ತು. ಮೊದಲ ಏಟಿನ ಸದ್ದು ಎರಡನೆಯ ಏಟಿನ ಜೊತೆಗೆ, ಎರಡನೆಯದು ಮೂರನೆಯದರ ಜೊತೆಗೆ ಸೇರಿಕೊಂಡು, ಏನೂ ಆಗಿಲ್ಲವೆಂಬಂತೆ ಬರುತ್ತಿತ್ತು. ಏಟುಗಳು ಬೀಳುತ್ತಿರುವವರೆಗೆ ಮೋಸ ಗೊತ್ತಾಗುವುದಿಲ್ಲ. ನಿಂತಾಗ ಮಾತ್ರ, ಕೊನೆಯ ಸದ್ದಿಗೆ ಜೊತೆ ಸಿಗದೆ ಒಂಟಿಯಾಗಿ ಸಿಕ್ಕಿಬೀಳುತ್ತದೆ. ತೊದಲುತ್ತ ಅಪ್ಪನಿಗೆ ಹೇಳಿದೆ. ನಾನು ಮುಗಿಸುವ ಮೊದಲೇ ಅವನಿಗೆ ಅರ್ಥವಾಯಿತು.

"ಅಂದ್ರೆ, ಬಸ್ ತಪ್ಪಿಸ್ಕಂಡೋನು ಮುಂದಿನ್ ಬಸ್ಸಲ್ಲಿ ಬಂದು, ಸರ್ಯಾದ್ ಟೈಮ್ಗೇ ಬಂದೆ ಅಂತ ಏಳ್ದಂಗೆ!" ಎಂದ. ಆಮೇಲೆ ನಮ್ಮ ಹೊಲದ ಕಡೆ ತಿರುಗಿ, ತಾನು ಕೂರುತ್ತಿದ್ದ ಜಾಗವನ್ನೇ ನೋಡುತ್ತ ನಿಂತ. "ಮೂವತ್ತೊರ್ಸ ಕಣವ್ವ. ಮೂವತ್ತೊರ್ಸ ಇಲ್ಲೇ ಕೂತ್ಕಂಡು, ಇಂದಿನೇಟ್ನ ಸದ್ದ ಮುಂದಿನೇಟ್ಗೆ ಲೆಕ್ಕ ಆಕಂಡಿವ್ನಲ್ಲ! ಊರ್ಗೆಲ್ಲ ನ್ಯಾಯ ಏಳೋನು!"

ಅಪ್ಪನಿಗೆ ಬೇಸರವಾಯಿತೋ ಎಂದು ನನಗೆ ಭಯ. ಎಲ್ಲಿಯ ಬೇಸರ! ಅವನ ಹೊಟ್ಟೆ ಕುಲುಕುತ್ತಿತ್ತು. ಮೊದಲು ಸದ್ದಿಲ್ಲದೆ, ಆಮೇಲೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ನಾನೂ ನಕ್ಕೆ, ಅತ್ತ ಮೂಗಿನಲ್ಲೇ. ನನ್ನಿಂದ ಪೆನ್ನು ಈಸಿಕೊಂಡು, ಬರೆಯಲು ಶುರುಮಾಡಿದ್ದ ಗ ಅಕ್ಷರದ ಚೂರನ್ನು ಗೀಚಿ ಹೊಡೆದು, ಪಕ್ಕದಲ್ಲಿ ದಪ್ಪಗೆ ವಿಜ್ಞಾನ ಎಂದು ಬರೆದ. ಕೆಳಗೆ ನಂಜಪ್ಪ ಎಂದು ರುಜು ಹಾಕಿದ. ಕಲ್ಲು ತರಿತರಿಯಾಗಿದ್ದರಿಂದ ನಂಜಪ್ಪನ ಮಧ್ಯದಲ್ಲಿ ಕಾಗದ ತೂತಾಯಿತು.

ಫಾರಮ್ಮನ್ನು ನನ್ನ ಕೈಗಿಟ್ಟು, ಅಪ್ಪ ಮತ್ತೆ ಏರಿಯ ಅಂಚಿಗೆ ಹೋದ. ಬಂಡೆಯ ಬಳಿ ಸಿದ್ದಣ್ಣ, ಈ ಅಪ್ಪಮಗಳಿಗೆ ಬೆಳಿಗ್ಗೆ ಬೆಳಿಗ್ಗೆ ಏನು ಬಂತೆಂದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಅಪ್ಪ ಎರಡು ಕೈಯನ್ನೂ ಬಾಯಿಗೆ ಒಡ್ಡಿ ಕೂಗಿದ:

"ಸಿದ್ದಾ! ನನ್ ಮಗ್ಳು ಗೆದ್ಲು ಕಣ್ಲಾ!"

ನಾನು ಏನೋ ಹೇಳಹೋದೆ. ಅಪ್ಪ ಬೆರಳೆತ್ತಿ ತಡೆದ. "ತಡಿ, ಇನ್ನೂ ಓಗಿಲ್ಲ. ದಾರೀಲದೆ."

ಇಬ್ಬರೂ ಉಸಿರು ಹಿಡಿದು ನೋಡಿದೆವು. ದೂರದಲ್ಲಿ ಸಿದ್ದಣ್ಣನ ತಲೆ ಅಲ್ಲಾಡಿತು. "ಆ, ಈಗ ಓಯ್ತು!" ಎಂದು ಅಪ್ಪ ನನ್ನ ಬೆನ್ನಿಗೆ ಗುದ್ದಿದ. ಸಿದ್ದಣ್ಣ ಬಾಯಿಗೆ ಕೈ ಒಡ್ಡಿ ಏನೋ ಕೂಗಿದ್ದು ಕಂಡಿತು. ಅದಕ್ಕೂ ಕಾದೆವು. ನೀರಿನ ಮೇಲಿಂದ ಬಂತು:

"ಯಾರ್ ಮ್ಯಾಲೆ ಬುದ್ದೀ?"

ಯಾರಿಗೂ ಸೋತು ಗೊತ್ತಿಲ್ಲದ ನಮ್ಮಪ್ಪ, ಎದೆ ತುಂಬ ಗಾಳಿ ಎಳೆದುಕೊಂಡು, ಇಡೀ ಊರಿಗೆ ಕೇಳಲೆಂಬಂತೆ ಕೂಗಿದ:

"ನನ್ ಮ್ಯಾಲೇ ಕಣ್ಲಾ! ನನ್ ಮ್ಯಾಲೇ!"